ಎವರ್ಟ್ ಮೇಷ್ಟ್ರ ಸಾರಜನಕ

ನಮ್ಮ ಎವರ್ಟ್ ವೆಸ್ಸೆಲಿಂಕ್ ಮೇಷ್ಟ್ರ ಬಾಯಿಂದ "ನನಗೆ ಗೊತ್ತಿಲ್ಲ" ಅನ್ನುವ ಮಾತು ಹೊರಟಿದ್ದನ್ನು ಎಲ್ಡರ್ಲೋ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಬೇರೆ ದುರಭ್ಯಾಸ ಆತನಿಗೆ ಇರಲಿಲ್ಲ. ಸಿಗರೇಟು ಮುಟ್ಟುತ್ತಿರಲಿಲ್ಲ, ಸೈಕಲ್ ತಿರುಗಿಸುವಾಗ ಕೈ ತೋರಿಸದೆ ತಿರುಗಿಸುತ್ತಿರಲಿಲ್ಲ, ಹೆಂಡತಿಯ ಮಾತಿಗೆ ಎದುರಾಡುತ್ತಿರಲಿಲ್ಲ. ಆದರೆ ದಾರಿ ಕೇಳಿದವರನ್ನು, ತಾನು ಕಂಡಿರದ ಊರಿಗೂ ದಾರಿ ಹೇಳಿ ಕಳಿಸುತ್ತಿದ್ದ. ಒಮ್ಮೆ ಯಾರೋ ಜರ್ಮನ್ ದಂಪತಿ ಆತ ಹೇಳಿದ ದಾರಿ ಹಿಡಿದು ಹೋಗಿ, ಒಂದು ಹಂದಿ ಕೊಟ್ಟಿಗೆಯ ಒಳಗೆ ಕಾರು ನಿಲ್ಲಿಸಿ, ಅಲ್ಲಿಂದಲೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ದರು. ಅದು ವ್ಯಂಗ್ಯ ಅಂತ ಆತನಿಗೆ ಹೊಳೆಯಲೇ ಇಲ್ಲ.

ಆತ ನಮ್ಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು, ನಾನು ಭೂಗೋಳದವನು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಹೀಗಾಗಿ ಆತ ಏನು ಮಾಡಿದರೂ ಜನ ನನ್ನನ್ನು ಕೇಳುತ್ತಿದ್ದರು.

ಜನವರಿಯಲ್ಲಿ ಸ್ಕೂಲು ನೋಡುವ ದಿನ ಬರುತ್ತದೆ. ಪ್ರೈಮರಿ ಮುಗಿಸುವ ಮಕ್ಕಳನ್ನು ಕರೆದುಕೊಂಡು ತಂದೆತಾಯಿಗಳು ಒಂದು ಶನಿವಾರ ಬಂದು, ಕ್ಲಾಸು ಕೊಠಡಿಗಳಲ್ಲಿ ಅಡ್ಡಾಡಿ, ಕಕ್ಕಸು ಶುಭ್ರವಾಗಿದೆಯಾ ನೋಡಿ, ಈ ಸ್ಕೂಲು ಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ. ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದರು. ಈ ಸಲವೂ ಮಕ್ಕಳು ಬರದಿದ್ದರೆ ನಮ್ಮನ್ನೆಲ್ಲ ಪಟ್ಟಣದ ದೊಡ್ಡ ಸ್ಕೂಲಿಗೆ ಸೇರಿಸಿ, ಇಲ್ಲಿ ಬಾಗಿಲು ಹಾಕುತ್ತಾರೆ ಅಂತ ಮಾತಿತ್ತು. ಹೆಡ್‌ಮಿಸ್ ಟೆನ್ ಹೋವ ಮೇಡಂ ಡಿಸೆಂಬರಿನಿಂದಲೇ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಅಂಥ ಹೊತ್ತಿಗೆ ರಸಾಯನಶಾಸ್ತ್ರದ ಫ್ರೀಲಿಂಕ್ ಮೇಡಂ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಕೂತರು.

"ರಸಾಯನಶಾಸ್ತ್ರದ್ದು ಏನಾದರೂ ಒಂದು ಇರಲೇಬೇಕು," ಅಂದರು ಟೆನ್ ಹೋವ ಮೇಡಂ. "ಗಾಜಿನ ಸಾಮಾನು, ನೀರು, ಗುಳ್ಳೆ, ಇಷ್ಟು ಕಂಡರೇನೇ ಜನಕ್ಕೆ ಇದು ಸ್ಕೂಲು ಅಂತ ನಂಬಿಕೆ ಬರೋದು. ಆದರೆ ಹೋದ ವರ್ಷ ಪಟ್ಟಣದ ಸ್ಕೂಲಿನವರು ಹೈಡ್ರೋಜನ್ ಮಾಡೋಕೆ ಹೋಗಿ ಒಬ್ಬ ಕೌನ್ಸಿಲರ್ ಹುಬ್ಬು ಸುಟ್ಟುಹಾಕಿದ್ರು. ಹಾಗಾಗಬಾರದು. ಹೊತ್ತಿಕೊಳ್ಳಬಾರದು, ಸಿಡೀಬಾರದು, ನಾರಬಾರದು. ಅಂಥದ್ದು ಯಾವುದಾದರೂ ಇದೆಯಾ?"

ಯಾರೂ ಮಾತಾಡಲಿಲ್ಲ. ಹೀಗೆ ಯಾರೂ ಮಾತಾಡದಿದ್ದಾಗಲೇ ಎವರ್ಟನಿಗೆ ಮಾತಾಡಬೇಕು ಅನ್ನಿಸುವುದು.

"ಸಾರಜನಕ," ಅಂದ. "ಹೊತ್ತಲ್ಲ, ಸಿಡಿಯಲ್ಲ, ನಾರಲ್ಲ. ಅದು ಏನೂ ಮಾಡಲ್ಲ."

"ಏನೂ ಮಾಡದ ಅನಿಲ," ಅಂದರು ಮೇಡಂ. ಬಹಳ ದಿನದ ಮೇಲೆ ಅವರ ಮುಖದಲ್ಲಿ ಒಂದು ನೆಮ್ಮದಿ ಕಾಣಿಸಿತು. "ನಮ್ಮ ಸ್ಕೂಲಿಗೆ ಅದೇ ಸರಿ. ನಿಮಗೆ ತಯಾರಿಸೋಕೆ ಬರುತ್ತಾ?"

ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯ "ನೋಡಿ ಹೇಳ್ತೀನಿ" ಅಂದಿರುತ್ತಿದ್ದ. ಎವರ್ಟ್, "ಕಾಲೇಜಿನಲ್ಲಿ ನಂದು ಅದೇ ಕೆಲಸ," ಅಂದ. ಕಾಲೇಜಿನಲ್ಲಿ ಆತನ ಕೆಲಸ ಇದ್ದದ್ದು ಕೆರೆ ದಂಡೆಯಲ್ಲಿ ಕಪ್ಪೆ ಎಣಿಸುವುದು.

ಅದೇ ಭಾನುವಾರ ಆತನ ಅತ್ತೆಯ ಹುಟ್ಟುಹಬ್ಬ ಬಂತು. ಆ ಮನೆಗೂ ನನಗೂ ಹಳೆಯ ಬಳಕೆ, ಹೀಗಾಗಿ ನಾನೂ ಹೋಗಿದ್ದೆ. ನಮ್ಮ ಕಡೆ ಹುಟ್ಟುಹಬ್ಬ ಅಂದರೆ ಗೋಡೆಗೆ ತಾಗಿ ಸುತ್ತ ಕುರ್ಚಿ ಹಾಕುತ್ತಾರೆ. ಬಂದವರು ಪ್ರತಿಯೊಬ್ಬರ ಕೈ ಕುಲುಕಿ, ಅಳಿಯನಿಗೆ ಅತ್ತೆ ಹುಟ್ಟಿದ್ದಕ್ಕೂ ಅಭಿನಂದನೆ ಹೇಳಿ, ಕೂರಬೇಕು. ಕೂತ ಮೇಲೆ ಏಳುವ ಹಾಗಿಲ್ಲ. ಮೊದಲು ಕಾಫಿ, ಸೇಬಿನ ಕೇಕು. ಆಮೇಲೆ ಹವಾಮಾನದ ಮಾತು. ಕೊನೆಗೆ ಚೀಸಿನ ತುಂಡು, ಸಾಸಿವೆ, ಒಣ ಸಾಸೇಜು. ಸಾಸೇಜಿಗೆ ಮುಂಚೆ ಎದ್ದು ಹೋದವರು ಆ ಮನೆಯಲ್ಲಿ ಯಾರೂ ಇಲ್ಲ.

ಎವರ್ಟನ ಎದುರಿಗೆ ಆತನ ಭಾವ ರೂಲಫ್ ಕೂತಿದ್ದ. ಹೆಂಡತಿ ಅಲೈಡಾಳ ಅಣ್ಣ. ಹಸು ಸಾಕಿದವನು, ಸಲಿಕೆಯಂಥ ಕೈ, ಮಾತು ಬಹಳ ಕಡಿಮೆ. ಈತನ ಕಥೆ ಒಂದಿಷ್ಟು ಹೇಳಲೇಬೇಕು. ರೂಲಫನ ಬೇಲಿಯಾಚೆಗೇ ಹೀದರ್ ಗಿಡದ ಬಯಲು ಶುರುವಾಗುತ್ತದೆ, ಆಗಸ್ಟಿನಲ್ಲಿ ಪೂರಾ ನೇರಳೆ ಹೂವು. ದನದ ಸಗಣಿ ಗಂಜಲದಿಂದ ಏಳುವ ಅಮೋನಿಯಾ ಹಾರಿ ಹೋಗಿ ಆ ಬಯಲಿನ ಮೇಲೆ ಕೂತು, ಹೂವಿನ ಗಿಡ ಸಾಯಿಸಿ ಹುಲ್ಲು ಎಬ್ಬಿಸುತ್ತದೆ ಅಂತ ಸರ್ಕಾರ ಹೇಳುತ್ತದೆ. ಇದಕ್ಕೆ ಎಲ್ಲರೂ ಸುಲಭಕ್ಕೆ "ಸಾರಜನಕದ ಸಮಸ್ಯೆ" ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಆ ಹೆಸರಿನಲ್ಲಿ ರೈತರಿಗೆ ಹಸು ಕಡಿಮೆ ಮಾಡಿ ಅಂದಿದ್ದಾರೆ, ಹೊಸ ಕೊಟ್ಟಿಗೆಗೆ ಪರ್ಮಿಟ್ಟು ನಿಲ್ಲಿಸಿದ್ದಾರೆ. ರೈತರು ರಸ್ತೆಯುದ್ದಕ್ಕೂ ದೇಶದ ಬಾವುಟವನ್ನು ತಲೆಕೆಳಗಾಗಿ ಕಟ್ಟಿದ್ದಾರೆ. ರೂಲಫನ ಕೊಟ್ಟಿಗೆಯ ಮಾಡು ಸೋರುತ್ತಿತ್ತು. ಕಟ್ಟಿಸಲು ಆತ ವರ್ಷಗಟ್ಟಲೆ ಪರ್ಮಿಟ್ಟು ಕಾಯುತ್ತಿದ್ದ. ಹೀಗಾಗಿ ಆ ಮನೆಯಲ್ಲಿ ಯಾರೂ ಸಾರಜನಕ ಅನ್ನುವ ಪದ ಎತ್ತುತ್ತಿರಲಿಲ್ಲ.

"ಶನಿವಾರ ಎಲ್ಲರೂ ಸ್ಕೂಲಿಗೆ ಬನ್ನಿ," ಅಂದ ಎವರ್ಟ್, ಕೇಕಿನ ತಟ್ಟೆ ಮೊಣಕಾಲ ಮೇಲಿಟ್ಟುಕೊಂಡು. "ನಾನು ಸಾರಜನಕ ಉತ್ಪಾದನೆ ಮಾಡ್ತಾ ಇದೀನಿ."

ಚಮಚಗಳ ಸದ್ದು ನಿಂತಿತು. ಎವರ್ಟ್ ಅದನ್ನು ಗೌರವ ಅಂದುಕೊಂಡ.

"ಏನು ಮಾಡ್ತಾ ಇದೀಯ?" ಅಂದ ರೂಲಫ್.

"ಸಾರಜನಕ, ಭಾವ."

"ಎಷ್ಟು?"

"ಎಷ್ಟು ಬೇಕೋ ಅಷ್ಟು. ಜನ ಜಾಸ್ತಿ ಬಂದ್ರೆ ಜಾಸ್ತಿ ಮಾಡೋದು. ಅದಕ್ಕೇನು ಲೆಕ್ಕ?"

"ಪರ್ಮಿಟ್ಟು?"

"ಇದಕ್ಯಾಕೆ ಪರ್ಮಿಟ್ಟು? ಹೆಡ್ ಮೇಡಂ ಹೂಂ ಅಂದ್ರು, ಮುಗೀತು. ಸಂಜೆ ಕಿಟಕಿ ತೆಗೆದು ಹೊರಗೆ ಬಿಟ್ಟುಬಿಡೋದು."

"ಯಾವ ಕಡೆ ಕಿಟಕಿ?"

"ಬಯಲಿನ ಕಡೆದು."

ಅತ್ತೆ, "ಇನ್ನೊಂದು ತುಂಡು ಕೇಕು ಯಾರಿಗೆ?" ಅಂದರು. ಯಾರೂ ಕೈ ಎತ್ತಲಿಲ್ಲ. ರೂಲಫ್ ಎದ್ದು ನಿಂತ. ಸಾಸೇಜು ಇನ್ನೂ ಅಡುಗೆಮನೆಯಲ್ಲೇ ಇತ್ತು. ಅತ್ತೆಯ ಮುಖ ಬಿಳಿಚಿಕೊಂಡಿತು. ಬಾಗಿಲ ಹತ್ತಿರ ಆತ ತಿರುಗಿ, "ಎವರ್ಟ್, ನೀನು ನನ್ನ ತಂಗಿ ಗಂಡ. ಅದಕ್ಕೇ ಈಗ ಏನೂ ಹೇಳಲ್ಲ," ಅಂದ. ಏನಾದರೂ ಹೇಳಿದ್ದರೇ ಚೆನ್ನಾಗಿತ್ತು ಅಂತ ನಮಗೆಲ್ಲ ಅನ್ನಿಸಿತು.

ಮನೆಗೆ ವಾಪಸು ಬರುವಾಗ ಅಲೈಡಾ ಸೈಕಲ್ ತುಳಿಯುತ್ತಲೇ ಕೇಳಿದಳು. "ಅಣ್ಣನ ಮುಂದೆ ಆ ಪದ ಯಾಕೆ ತೆಗೆದ್ರಿ?"

"ಅಯ್ಯೋ, ಅದು ಬೇರೆ ಸಾರಜನಕ ಕಣೇ, ಇದು ಬೇರೆ."

"ಎಷ್ಟು ಥರ ಇದೆ?"

"ಬಹಳ ಥರ ಇದೆ," ಅಂದ ಎವರ್ಟ್. ಆದರೆ ಆ ದನಿಯಲ್ಲಿ ಜೋರು ಇರಲಿಲ್ಲ. ಎರಡೂ ಒಂದೇ ಆಗಿದ್ದರೆ ಅನ್ನುವ ಭಯ ಆತನಿಗೆ ಅಲ್ಲೇ ಹತ್ತಿತು ಅಂತ ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ನನಗೆ ತಿಳಿಯಿತು.

ಸೋಮವಾರದ ಹೊತ್ತಿಗೆ ಸುದ್ದಿ ಊರೆಲ್ಲ ತಿರುಗಿತ್ತು. ಬ್ರೆಡ್ಡಿನ ಅಂಗಡಿಯವನು ಎವರ್ಟನಿಗೆ ಬ್ರೆಡ್ಡು ಕಟ್ಟಿಕೊಡುವಾಗ, ತನ್ನ ಅಂಗಡಿ ಸ್ಕೂಲಿಗೆ ಹತ್ತಿರದ ಲೆಕ್ಕವೋ ದೂರದ ಲೆಕ್ಕವೋ ಅಂತ ಕೇಳಿದ. ಸ್ಕೂಲಿನ ಹಿಂದಿನ ಮನೆಯ ಡೀನಜ್ಜಿಯಂತೂ ಬಾಗಿಲ ಸಂದಿಗೆ ಒದ್ದೆ ಟವಲು ತುರುಕಿಟ್ಟು, ಕಿಟಕಿಯಿಂದಲೇ ಆತನನ್ನು ಕರೆದರು. ಸಾರಜನಕಕ್ಕೆ ನಮ್ಮ ಭಾಷೆಯಲ್ಲಿರುವ ಹೆಸರಿಗೆ "ಉಸಿರು ಕಟ್ಟಿಸುವ ವಸ್ತು" ಅಂತಲೇ ಅರ್ಥ. ಹಳೆಯ ಕಾಲದವರು ಯೋಚನೆ ಮಾಡದೆ ಹೆಸರಿಟ್ಟಿರುವುದಿಲ್ಲ ಅಂತ ಅಜ್ಜಿಯ ವಾದ.

"ನನ್ನ ಪಂಜರದ ಹಕ್ಕೀನ ತಂಗಿ ಮನೆಗೆ ಕಳಿಸಿಬಿಟ್ಟೆ ಮೇಷ್ಟ್ರೇ," ಅಂದರು. "ನಾನು ಎಲ್ಲಿಗೆ ಹೋಗಲಿ ಹೇಳಿ."

"ಅಜ್ಜಿ, ಹೆದರಬೇಡಿ. ನೀವೀಗ ಉಸಿರಾಡ್ತಾ ಇರೋದೂ ಅದೇನೇ."

ಅಜ್ಜಿ ಒಂದು ಕ್ಷಣ ಉಸಿರು ಬಿಗಿಹಿಡಿದರು. "ಈಗಲೇ ಶುರು ಮಾಡಿಬಿಟ್ಟಿದೀರಾ?" ಅಂತ ಕೇಳಿ ಕಿಟಕಿ ಮುಚ್ಚಿದರು.

ರೂಲಫ್ ಯಾರ ಮೇಲೂ ದೂರು ಕೊಡಲಿಲ್ಲ. ಆತ ಅಂಥವನಲ್ಲ. ಆತ ಪ್ರಾಂತ್ಯದ ಪರಿಸರ ಆಫೀಸಿಗೆ ಫೋನ್ ಮಾಡಿ, "ಸ್ಕೂಲಿಗೆ ಕೊಟ್ಟಿರೋ ಥರದ್ದೇ ಪರ್ಮಿಟ್ಟು ನನಗೂ ಒಂದು ಬೇಕು," ಅಂದ ಅಷ್ಟೆ. ಅವರು ಸ್ಕೂಲಿನ ಪರ್ಮಿಟ್ಟು ಹುಡುಕಿದರು, ಸಿಗಲಿಲ್ಲ. ಸಿಗದೆ ಹೋದಾಗ ಕೂಸ್ಲಾಖ್ ಅನ್ನುವ ಅಧಿಕಾರಿಯನ್ನು ಕಳಿಸಿದರು.

ಕೂಸ್ಲಾಖ್ ಅವರು ತೆಳ್ಳಗಿನ ಮನುಷ್ಯ, ಮೆತ್ತಗಿನ ದನಿ. ಮಳೆಕೋಟನ್ನು ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡು ಹೆಡ್ ಮೇಡಂ ರೂಮಿನಲ್ಲಿ ಕೂತರು. ಬಯಲಿನ ನಕ್ಷೆ ನನ್ನ ಬಳಿ ಇದ್ದದ್ದರಿಂದ ನನ್ನನ್ನೂ ಕರೆಸಿದರು. ಎವರ್ಟ್ ನಿಂತೇ ಇದ್ದ. ಬೆಳಿಗ್ಗೆಯಿಂದ ಆತ ಕೂತದ್ದನ್ನು ನಾನು ಕಂಡಿರಲಿಲ್ಲ.

"ಚಟುವಟಿಕೆಯ ಹೆಸರು?" ಅಂದರು ಕೂಸ್ಲಾಖ್.

ಟೆನ್ ಹೋವ ಮೇಡಂ ಗೇಟಿನಲ್ಲಿ ಆಗಲೇ ದೊಡ್ಡ ಅಕ್ಷರದಲ್ಲಿ "ಸಾರಜನಕ ಉತ್ಪಾದನೆ, ಎಲ್ಲರಿಗೂ ಸ್ವಾಗತ" ಅಂತ ಬೋರ್ಡು ಹಾಕಿಸಿದ್ದರು. ಬೇರೆ ಹೆಸರು ಹೇಳುವ ಹಾಗಿರಲಿಲ್ಲ.

"ತಾತ್ಕಾಲಿಕವೋ, ಕಾಯಮೋ?"

"ಒಂದೇ ಶನಿವಾರ," ಅಂದ ಎವರ್ಟ್. "ಸಾರ್, ಇದು ನಿಮ್ಮ ಸಾರಜನಕ ಅಲ್ಲ. ಇದು ಬರೀ ಅನಿಲ. ಗಾಳಿಯ ಐದರಲ್ಲಿ ನಾಲ್ಕು ಪಾಲು ಇದೇ. ಇದು ನಿರುಪದ್ರವಿ."

"ಎಲ್ಲರೂ ಹಾಗೇ ಹೇಳ್ತಾರೆ ಮೇಷ್ಟ್ರೇ. ಹಂದಿ ಸಾಕೋರು ಹಸು ಕಡೆ ತೋರಿಸ್ತಾರೆ, ಹಸು ಸಾಕೋರು ಹೈವೇ ಕಡೆ ತೋರಿಸ್ತಾರೆ, ಹೈವೇಯವರು ವಿಮಾನ ತೋರಿಸ್ತಾರೆ. ಯಾವುದರಿಂದ ಮಾಡ್ತೀರಿ?"

"ಎರಡು ಉಪ್ಪು ಸಾರ್. ಸೋಡಿಯಂ ನೈಟ್ರೈಟು, ಇನ್ನೊಂದು ಅಮೋನಿಯಂ ಕ್ಲೋರೈಡು."

"ಅಮೋನಿಯಾ," ಅಂತ ಬರೆದುಕೊಂಡರು ಕೂಸ್ಲಾಖ್.

"ಅಮೋನಿಯಂ, ಸಾರ್."

"ಬಯಲಿಗೆ ಎಷ್ಟು ದೂರ?"

ನಾನು ನಕ್ಷೆ ಹಾಸಿದೆ. ಲ್ಯಾಬಿನ ಕಿಟಕಿಗೂ ಬಯಲಿಗೂ ನಡುವೆ ಇದ್ದದ್ದು ಒಂದು ಸೈಕಲ್ ನಿಲ್ದಾಣ, ಒಂದು ಕಾಲುವೆ. ಕೂಸ್ಲಾಖ್ ಆ ನಕ್ಷೆಯನ್ನು ಬಹಳ ಹೊತ್ತು ನೋಡಿದರು, ಡಾಕ್ಟರು ಕೆಟ್ಟ ಎಕ್ಸ್‌ರೇ ನೋಡುವ ಹಾಗೆ.

"ಬೇಡ ಅನ್ನೋ ಅಧಿಕಾರ ನನಗಿಲ್ಲ," ಅಂದರು. "ಮಾಡಿ ಅನ್ನೋ ಅಧಿಕಾರವೂ ಇಲ್ಲ. ಶನಿವಾರ ನಾನೇ ಬಂದು ನಿಂತಿರ್ತೀನಿ."

ಅವರು ಹೋದ ಮೇಲೆ ಟೆನ್ ಹೋವ ಮೇಡಂ ತಲೆ ಹಿಡಿದುಕೊಂಡರು. "ಏನೂ ಮಾಡದ ಅನಿಲ ಅಂದಿದ್ರಿ ಎವರ್ಟ್."

"ಅದು ಏನೂ ಮಾಡಿಲ್ಲ ಮೇಡಂ," ಅಂದ ಎವರ್ಟ್. "ಇನ್ನೂ ತಯಾರೇ ಆಗಿಲ್ಲ."

ಆ ಸಂಜೆಯೇ ಪ್ರಯೋಗ ಮಾಡಿ ನೋಡೋಣ, ಜೊತೆಗೆ ಬಾ ಅಂತ ನನ್ನನ್ನು ಕರೆದ. ಲ್ಯಾಬಿನಲ್ಲಿ ಪುಸ್ತಕ ತೆರೆದಿಟ್ಟು, ಕಣ್ಣಿಗೆ ರಕ್ಷಣೆಯ ಕನ್ನಡಕ ಏರಿಸಿ, ಉಪ್ಪುಗಳನ್ನು ನೀರಿನಲ್ಲಿ ಕರಗಿಸಿ ಒಂದು ಗಾಜಿನ ಬುಂಡೆಗೆ ಸುರಿದು, ಬಿರಡೆ ಹಾಕಿ, ರಬ್ಬರ್ ಕೊಳವೆಯನ್ನು ನೀರಿನ ತೊಟ್ಟಿಗೆ ಬಿಟ್ಟು, ಕೆಳಗೆ ಉರಿ ಹಚ್ಚಿದ. ಆತನ ಕನ್ನಡಕದ ಒಳಗೆಲ್ಲ ಬೆವರಿನ ಆವಿ ಕೂತಿತ್ತು. ಪುಸ್ತಕವನ್ನು ನಾನು ಓದಿ ಹೇಳಬೇಕಾಗಿತ್ತು.

ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಒಂದು ಗುಳ್ಳೆ ಬಂತು. ಇನ್ನೊಂದು ಬಂತು.

"ಬಂತಲ್ಲ, ಉರಿ ಆರಿಸು," ಅಂದೆ.

"ಇರು, ಚೆನ್ನಾಗಿ ಶುರುವಾಗಲಿ."

ಚೆನ್ನಾಗಿಯೇ ಶುರುವಾಯಿತು. ಬುಂಡೆಯೊಳಗೆ ಹಾಲು ಉಕ್ಕುವ ಹಾಗೆ ನೊರೆ ಎದ್ದಿತು. ಕೊಳವೆ ಹಾವಿನ ಹಾಗೆ ಹೊರಳಾಡಿ ತೊಟ್ಟಿಯಿಂದ ಹೊರಗೆ ಬಿತ್ತು. ನಾನು ಪುಟ ತಿರುಗಿಸಿದೆ. ಮುಂದಿನ ಪುಟದ ಮೊದಲ ಸಾಲಿನಲ್ಲೇ, ಗುಳ್ಳೆ ಕಂಡ ತಕ್ಷಣ ಉರಿ ತೆಗೆಯಿರಿ ಅಂತ ದಪ್ಪ ಅಕ್ಷರದಲ್ಲಿ ಇತ್ತು.

"ಇದು ಮಾಮೂಲು," ಅಂದ ಎವರ್ಟ್. ಹಾಗಂದು ನನ್ನ ಹಿಂದೆ ಬಂದು ನಿಂತ.

ನಾನು ಕೈ ಚಾಚಿ ಗ್ಯಾಸು ಆರಿಸಿದೆ. ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಒಳಗೆ ಬಿರಡೆ ಹಾರಿ ಮಾಡಿಗೆ ಬಡಿದ ಸದ್ದು ಕೇಳಿತು. ಆಮೇಲೆ ಏನೋ ಚೆಲ್ಲಿದ ಸದ್ದು. ಎವರ್ಟ್ ಕಾರಿಡಾರಿನ ನೆಲದ ಮೇಲೆ ಕೂತುಬಿಟ್ಟ.

"ಶನಿವಾರ ಇದು ಜನರ ಮುಂದೆ ಆಗಿದ್ರೆ," ಅಂದ. ನಾನೇ ಫ್ರೀಲಿಂಕ್ ಮೇಡಂಗೆ ಫೋನ್ ಹಚ್ಚಿ ಆತನ ಕೈಗೆ ಕೊಟ್ಟೆ. ಆತ ನಡೆದದ್ದು ಹೇಳಿದ. ಅವರ ದನಿ ನನಗೂ ಕೇಳುತ್ತಿತ್ತು.

"ಗುಳ್ಳೆ ಬಂದದ್ದು ಯಾವಾಗ?"

"ಆಗಲೇ."

"ಉರಿ ತೆಗೆದದ್ದು?"

"ಈಗ."

ಆ ಕಡೆ ಒಂದು ನಿಟ್ಟುಸಿರು. "ಎವರ್ಟ್, ಸರಿಯಾಗಿ ಕೇಳಿ. ಅದು ಒಮ್ಮೆ ಶುರುವಾದ್ರೆ ತನ್ನ ಬಿಸಿಯಿಂದ ತಾನೇ ಓಡುತ್ತೆ. ನೀವು ಹಿಂದೆ ನಿಂತು ಅಟ್ಟಬೇಕಾಗಿಲ್ಲ. ಬರೋ ಅನಿಲದಲ್ಲಿ ಕೆಟ್ಟದ್ದೂ ಒಂಚೂರು ಬೆರೆತಿರುತ್ತೆ. ಪೂರಾ ತಣ್ಣಗಾಗೋ ತನಕ ಒಳಗೆ ಕಾಲಿಡಬೇಡಿ. ಆಮೇಲೆ ಹೋಗಿ ಕಿಟಕಿ ತೆಗೀರಿ."

"ಯಾವ ಕಡೆದು?" ಅಂದ ಎವರ್ಟ್.

"ಇರೋದೆಲ್ಲ ತೆಗೀರಿ."

"ಇರೋದೆಲ್ಲ ಬಯಲಿನ ಕಡೆಗೇ ಇದೆ ಮೇಡಂ," ಅಂದ.

ಫ್ರೀಲಿಂಕ್ ಮೇಡಂಗೆ ಇದೇನು ಅಂತ ಅರ್ಥವಾಗಲಿಲ್ಲ, ಆದರೆ ಒಳ್ಳೆಯ ಹೆಂಗಸು, ಕೇಳಲಿಲ್ಲ. "ಜನರ ಮುಂದೆ ಆ ಪ್ರಯೋಗ ಮಾಡಬೇಡಿ," ಅಂದರು. "ಪಾತ್ರೆ ತಿಕ್ಕೋ ಕಬ್ಬಿಣದ ನಾರು ತಗೊಳ್ಳಿ, ಸೋಪಿಲ್ಲದ್ದು. ವಿನೆಗರ್‌ನಲ್ಲಿ ನೆನೆಸಿ, ತೊಳೆದು, ಜಾಡಿ ತಳಕ್ಕೆ ಬಿಗಿಯಾಗಿ ತುರುಕಿ. ಜಾಡೀನ ನೀರಿನ ತಟ್ಟೇಲಿ ಬೋರಲು ಹಾಕಿ, ಮಾರನೇ ದಿನದ ತನಕ ಮುಟ್ಟಬೇಡಿ. ನಾರು ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವನ್ನ ಅದೇ ತಿಂದುಹಾಕುತ್ತೆ. ಅಷ್ಟು ಜಾಗಕ್ಕೆ ನೀರು ಏರುತ್ತೆ. ಉಳಿಯೋದು ಸಾರಜನಕ. ಉರಿ ಬೇಡ, ಉಪ್ಪು ಬೇಡ."

"ಹಾಗಾದ್ರೆ ನಾನು ಏನು ಮಾಡಿದ ಹಾಗಾಯ್ತು?"

"ಏನೂ ಇಲ್ಲ. ಅದಕ್ಕೇ ಅದು ಸುರಕ್ಷಿತ."

ಈ ಮಾತು ಎವರ್ಟನ ಎದೆಗೆ ನಾಟಿತು. ಆ ವಾರವಿಡೀ ಆತ ಮಧ್ಯಾಹ್ನದ ಬ್ರೆಡ್ಡು ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಿದ್ದ. ಒಂದು ಕಡೆ ಪ್ರಯೋಗ ನಡೆಯದಿದ್ದರೆ ಸ್ಕೂಲಿನ ಮಾನ ಹೋಗುತ್ತದೆ. ನಡೆದರೆ ಭಾವನ ಮುಂದೆ ತನ್ನ ಮಾನ ಹೋಗುತ್ತದೆ. "ಉತ್ಪಾದನೆ ಅಂದುಬಿಟ್ಟಿದೀನಲ್ಲೋ," ಅಂತ ಮತ್ತೆ ಮತ್ತೆ ಅನ್ನುತ್ತಿದ್ದ. ಅಲೈಡಾ ತವರಿಗೆ ಫೋನ್ ಮಾಡಿದರೆ ತಾಯಿ ಬರೀ ಹವಾಮಾನದ ಮಾತಾಡಿ ಇಟ್ಟುಬಿಡುತ್ತಿದ್ದರಂತೆ. ಅಣ್ಣ ಫೋನನ್ನೇ ಎತ್ತಲಿಲ್ಲವಂತೆ.

ಶನಿವಾರ ಬೆಳಿಗ್ಗೆ ದಟ್ಟ ಮಂಜು. ಮಂಜಿನೊಳಗಿಂದ ಮೊದಲು ಸದ್ದು ಬಂತು, ಆಮೇಲೆ ದೀಪಗಳು ಕಂಡವು, ಆಮೇಲೆ ಟ್ರಾಕ್ಟರುಗಳು. ಎರಡೂ ಕಡೆಯಿಂದ ಬಂದು ಸ್ಕೂಲಿನ ಮುಂದೆ ಸಾಲಾಗಿ ನಿಂತವು. ಟೆನ್ ಹೋವ ಮೇಡಂ ಕಿಟಕಿಯ ಪರದೆ ಹಿಡಿದುಕೊಂಡು ನೋಡಿದರು.

"ಇಷ್ಟು ಜನ ನಮ್ಮ ಸ್ಕೂಲಿಗೆ ಯಾವತ್ತೂ ಬಂದಿರಲಿಲ್ಲ," ಅಂದರು. "ಖುಷಿ ಪಡಬೇಕೋ, ಪೊಲೀಸರನ್ನ ಕರೀಬೇಕೋ ತಿಳೀತಿಲ್ಲ."

ರೈತರು ಒಬ್ಬೊಬ್ಬರಾಗಿ ಇಳಿದರು. ಬಾಗಿಲಲ್ಲಿ ಕೆಸರಿನ ಬೂಟು ಕಳಚಿ ಸಾಲಾಗಿ ಇಟ್ಟರು. ಮನೆಯಲ್ಲಿ ಹೆಂಗಸರು ಕಲಿಸಿದ ಅಭ್ಯಾಸ, ಸಿಟ್ಟು ಬಂದಾಗಲೂ ಬಿಟ್ಟುಹೋಗುವುದಿಲ್ಲ. ಆಮೇಲೆ ಬರೀ ಕಾಲುಚೀಲದಲ್ಲಿ, ಸದ್ದಿಲ್ಲದೆ, ಕಾರಿಡಾರು ತುಂಬ ನಡೆದು ಬಂದರು. ನಾನು ರಸ್ತೆ ತಡೆ ಕಂಡಿದ್ದೇನೆ, ಹುಲ್ಲಿನ ಹೊರೆಗೆ ಬೆಂಕಿ ಇಟ್ಟದ್ದು ಕಂಡಿದ್ದೇನೆ. ಕೂಗಾಟ ಇಲ್ಲದ, ಹೆಬ್ಬೆರಳ ಹತ್ತಿರ ತೂತು ಬಿದ್ದ ಈ ಪ್ರತಿಭಟನೆಯ ಮುಂದೆ ಅವೆಲ್ಲ ಏನೂ ಅಲ್ಲ.

ಲ್ಯಾಬು ತುಂಬಿತು. ಹಿಂದೆ ಮಕ್ಕಳನ್ನು ಕರೆತಂದ ತಂದೆತಾಯಿಗಳು ತುದಿಗಾಲಲ್ಲಿ ನಿಂತು ನೋಡುತ್ತಿದ್ದರು. ಡೀನಜ್ಜಿ ಮೂಗಿಗೆ ಸ್ಕಾರ್ಫು ಕಟ್ಟಿಕೊಂಡು ಬಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದರು. ಕೂಸ್ಲಾಖ್ ಅವರು ಅಮೋನಿಯಾ ಅಳೆಯುವ ಒಂದು ಚಿಕ್ಕ ಯಂತ್ರ ತಂದಿದ್ದರು. ಅದನ್ನು ಜಾಡಿಯ ಹತ್ತಿರ ಹಿಡಿದರು, ಅದು ತೆಪ್ಪಗಿತ್ತು. ಎವರ್ಟನ ಹತ್ತಿರ ಹಿಡಿದರು, ತೆಪ್ಪಗಿತ್ತು. ತಿರುಗುವಾಗ ರೂಲಫನ ಕೋಟಿನ ಹತ್ತಿರ ಹೋಯಿತು, ಕಿರ್ರೋ ಅಂತ ಅರಚಿಕೊಂಡಿತು. ಯಾರೂ ನಗಲಿಲ್ಲ. ಕೂಸ್ಲಾಖ್ ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡರು.

ರೂಲಫ್ ಕೈಕಟ್ಟಿ ಮುಂದಿನ ಸಾಲಿನಲ್ಲಿ ನಿಂತ. "ಶುರು ಮಾಡು," ಅಂದ.

ಮೇಜಿನ ಮೇಲೆ ಹಿಂದಿನ ದಿನವೇ ಬೋರಲು ಹಾಕಿಟ್ಟ ಜಾಡಿಗಳಿದ್ದವು. ಉಪ್ಪಿನಕಾಯಿ ಸೌತೆ ಬರುತ್ತದಲ್ಲ, ಅದೇ ಜಾಡಿ. ತಳದ ಕಬ್ಬಿಣದ ನಾರು ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಜಾಡಿಯೊಳಗೆ ಐದನೇ ಒಂದು ಪಾಲಿನಷ್ಟು ಏರಿ ನಿಂತಿತ್ತು. ಎವರ್ಟ್ ಒಂದು ಜಾಡಿಯ ಬಾಯಿಗೆ ನೀರಿನೊಳಗೇ ಗಾಜಿನ ಬಿಲ್ಲೆ ಮುಚ್ಚಿ ಅದನ್ನು ನೆಟ್ಟಗೆ ಮಾಡಿದ. ಕಡ್ಡಿ ಹಚ್ಚಿ ಜಾಡಿಯ ಕಡೆ ತಂದ. ಅದರ ಬಾಯಿಗೆ ತರುವ ಮುಂಚೆಯೇ ಆರಿಹೋಯಿತು.

"ಅದು ಕೈ ನಡುಗಿ ಆರಿದ್ದು," ಅಂದ ಹಿಂದಿನಿಂದ ಒಬ್ಬ ರೈತ. ಬೈಗುಳದ ದನಿಯಲ್ಲ, ವಿಷಯ ತಿಳಿಸುವ ದನಿ.

ಎವರ್ಟ್ ಇನ್ನೊಂದು ಕಡ್ಡಿ ಹಚ್ಚಿದ. ಈ ಸಲ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ಗಾಜು ಸರಿಸಿ, ಕಡ್ಡಿಯನ್ನು ಒಳಗಿಳಿಸಿದ. ಯಾರೋ ಬೆರಳಿಂದ ಚಿವುಟಿದ ಹಾಗೆ ಉರಿ ಆರಿತು.

"ಇದು ಸಾರಜನಕ," ಅಂದ.

"ಸರಿ," ಅಂದ ರೂಲಫ್. "ಇದರಲ್ಲಿ ನೀನು ಉತ್ಪಾದನೆ ಮಾಡಿದ್ದು ಎಲ್ಲಿ?"

ಎವರ್ಟ್ ಜಾಡಿಯನ್ನು ನೋಡಿದ, ಹೆಡ್ ಮೇಡಂ ಮುಖ ನೋಡಿದ, ಕೊನೆಗೆ ಭಾವನ ಕಾಲುಚೀಲ ನೋಡಿದ.

"ಮಾಡಿಲ್ಲ ಭಾವ. ನಾನು ಏನೂ ಮಾಡಿಲ್ಲ. ಇದು ಮೊದಲಿಂದ ಗಾಳಿಯಲ್ಲೇ ಇತ್ತು. ಉಳಿದದ್ದನ್ನ ತುಕ್ಕು ತಿಂತು, ಇದು ಉಳೀತು. ಈ ರೂಮಿನಲ್ಲಿ ಇದೆ, ನಿಮ್ಮ ಕೊಟ್ಟಿಗೇಲಿ ಇದೆ, ನಿಮ್ಮ ಎದೆಯೊಳಗೂ ಇದೆ. ಯಾರಿಗೂ ಏನೂ ಮಾಡಲ್ಲ. ನಿಮಗೆ ತೊಂದರೆ ಕೊಡ್ತಾ ಇರೋದು ಅಮೋನಿಯಾ, ಅದು ಬೇರೆ."

"ಅದು ನನಗೆ ಗೊತ್ತು. ಹತ್ತು ಮೀಟಿಂಗಿನಲ್ಲಿ ಕೇಳಿದೀನಿ. ಅಮ್ಮನ ಮನೇಲಿ ನೀನು ಎಷ್ಟು ಬೇಕೋ ಅಷ್ಟು ಮಾಡ್ತೀನಿ ಅಂದೆ."

"ಜಂಬಕ್ಕೆ ಅಂದೆ."

"ಜಂಬಕ್ಕೆ," ಅಂದ ರೂಲಫ್. ಆ ಪದವನ್ನು ಬಾಯಲ್ಲಿ ಹಾಕಿಕೊಂಡು ರುಚಿ ನೋಡಿದ ಹಾಗಿತ್ತು.

ಕೂಸ್ಲಾಖ್ ಗಂಟಲು ಸರಿಮಾಡಿಕೊಂಡರು. "ಹಾಗಾದರೆ ಇಲ್ಲಿ ಯಾವ ಉತ್ಪಾದನೆಯೂ ನಡೆದಿಲ್ಲ ಅಂತ ನಾನು ತಿಳ್ಕೋಬಹುದಾ ಮೇಷ್ಟ್ರೇ?"

"ಹೌದು ಸಾರ್. ಒಂದು ಚೂರೂ ಇಲ್ಲ."

"ಸಂತೋಷ," ಅಂದರು ಕೂಸ್ಲಾಖ್. ಅವರು ಮಳೆಕೋಟು ಬಿಡಿಸತೊಡಗಿದಾಗ ರೂಲಫ್ ಅವರ ಕಡೆ ತಿರುಗಿದ. ಎವರ್ಟನ ಮೇಲಿದ್ದ ಕಣ್ಣುಗಳೆಲ್ಲ ಒಟ್ಟಿಗೇ ಆ ಕಡೆ ತಿರುಗಿದವು.

"ಸಾರ್, ನನ್ನ ಕೊಟ್ಟಿಗೆ ಸೋರೋಕೆ ಶುರುವಾದಾಗಿಂದ ನಿಮ್ಮ ಆಫೀಸಿಗೆ ಫೋನ್ ಮಾಡ್ತಾ ಇದೀನಿ," ಅಂದ ನಿಧಾನವಾಗಿ. ಆತ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಊರಿನವರು ಕೇಳಿರಲಿಲ್ಲ. "ಒಬ್ಬರೂ ಬರಲಿಲ್ಲ. ಈ ಉಪ್ಪಿನಕಾಯಿ ಜಾಡಿ ನೋಡೋಕೆ ಒಂದೇ ಫೋನಿಗೆ ಬಂದ್ರಿ, ಎರಡು ಸಲ ಬಂದ್ರಿ."

"ಜಾಡಿ ಹೊಸ ವಿಷಯ," ಅಂದರು ಕೂಸ್ಲಾಖ್. "ಹೊಸದು ಯಾವಾಗಲೂ ಮೇಲಕ್ಕೆ ಬರುತ್ತೆ. ಹಳೇದು ಕೆಳಗೇ ಇರುತ್ತೆ." ಹೇಳಿದ ಮೇಲೆ, ಹೇಳಬಾರದಿತ್ತು ಅಂತ ಅವರಿಗೇ ಅನ್ನಿಸಿರಬೇಕು. ಅವರ ಕಿವಿ ಕೆಂಪಗಾಯಿತು. ಕಾಲುಚೀಲದ ಕಾಲುಗಳು ನೆಲದ ಮೇಲೆ ಒಂದಿಷ್ಟು ಮುಂದೆ ಸರಿದವು. ಈಗ ಜಗಳ ಆಗುತ್ತದೆ ಅಂತ ನಾನು ಮೇಜಿನ ಅಂಚು ಹಿಡಿದುಕೊಂಡೆ. ಟೆನ್ ಹೋವ ಮೇಡಂ ಕಣ್ಣು ಮುಚ್ಚಿಕೊಂಡರು.

"ಎಲ್ಲಿದೆ ಕೊಟ್ಟಿಗೆ?" ಅಂದರು ಕೂಸ್ಲಾಖ್, ಬಹಳ ಮೆತ್ತಗೆ.

"ಈ ಕಿಟಕಿಯಿಂದ ಕಾಣುತ್ತೆ."

ಕೂಸ್ಲಾಖ್ ಕಿಟಕಿಯ ಹತ್ತಿರ ಹೋದರು. ರೈತರು ದಾರಿ ಬಿಟ್ಟರು. ಮಂಜು ಸ್ವಲ್ಪ ಕರಗಿತ್ತು. ಕಾಲುವೆಯ ಆಚೆ ಕೊಟ್ಟಿಗೆಯ ಮಾಡಿನ ಮೇಲೆ ನೀಲಿ ಟಾರ್ಪಾಲು, ಅದರ ಮೇಲೆ ಹಳೆಯ ಟೈರುಗಳು. ಅವರು ನೋಡುತ್ತ ನಿಂತರು.

"ಹೊಸ ನೆಲ ಹಾಕಿಸೋ ಯೋಚನೆ ಇದೆಯಾ? ಸಗಣಿ ಬೇರೆ, ಗಂಜಲ ಬೇರೆ ಹರಿಯೋ ಥರದ್ದು? ಹಾಗೆ ಮಾಡಿದ್ರೆ ಅಮೋನಿಯಾ ಕಡಿಮೆ ಏಳುತ್ತೆ."

"ಅದನ್ನೇ ಹಾಕಿಸ್ತೀನಿ ಅಂತಾನೇ ಕೇಳ್ತಾ ಇರೋದು. ಇದ್ದದ್ದಕ್ಕಿಂತ ಕಡಿಮೆ ಮಾಡೋಕೂ ಪರ್ಮಿಟ್ಟು ಸಿಗ್ತಿಲ್ಲ."

"ಮಂಗಳವಾರ ಬರ್ತೀನಿ," ಅಂದರು ಕೂಸ್ಲಾಖ್. "ಕೊಡ್ತೀನಿ ಅಂತ ಹೇಳ್ತಿಲ್ಲ. ಬಂದು ನೋಡ್ತೀನಿ."

"ಬೂಟು ಹಾಕಿಕೊಂಡು ಬನ್ನಿ," ಅಂದ ರೂಲಫ್.

ಅಷ್ಟಕ್ಕೇ ಲ್ಯಾಬಿನೊಳಗೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಹಾಗಾಯಿತು. ಡೀನಜ್ಜಿ ಮೂಗಿನ ಸ್ಕಾರ್ಫು ಇಳಿಸಿ, ಮುಗೀತಾ, ಮನೆಗೆ ಹೋಗಬಹುದಾ ಅಂತ ಕೇಳಿದರು. ಟೆನ್ ಹೋವ ಮೇಡಂ ಕಣ್ಣು ತೆರೆದು, ಎಲ್ಲರೂ ಕಾಫಿ ಕುಡಿದೇ ಹೋಗಬೇಕು ಅಂದರು. ಕಾಫಿ ಸಾಲಲಿಲ್ಲ, ಬಿಸ್ಕತ್ತೂ ಸಾಲಲಿಲ್ಲ. ಆದರೆ ಕಾಯುತ್ತ ನಿಂತ ರೈತರು ಸುಮ್ಮನಿರಲಾರದೆ ಕ್ಲಾಸು ಕೊಠಡಿಗಳನ್ನು ನೋಡಿದರು, ನನ್ನ ನಕ್ಷೆಗಳಲ್ಲಿ ತಮ್ಮ ತಮ್ಮ ಹೊಲ ಹುಡುಕಿದರು, ಒಬ್ಬ ಕಕ್ಕಸಿನ ನಲ್ಲಿ ಸೋರುತ್ತಿದ್ದದ್ದನ್ನು ರಿಪೇರಿ ಮಾಡಿಕೊಟ್ಟ. ಆ ವರ್ಷ ನಮ್ಮಲ್ಲಿ ಸೇರಿದ ಮಕ್ಕಳಲ್ಲಿ ಅರ್ಧಕ್ಕರ್ಧ ಅವರ ಮನೆಯವೇ. ಮೇಡಂ ಮತ್ತೆ ಊಟ ಮಾಡತೊಡಗಿದರು.

ಮಧ್ಯಾಹ್ನ ರೂಲಫ್ ಬೂಟು ಹಾಕಿಕೊಂಡು, ಎವರ್ಟನಿಗೆ "ಹತ್ತು" ಅಂದ. ಅದು ಕರೆಯೋ ಅಪ್ಪಣೆಯೋ ತಿಳಿಯಲಿಲ್ಲ. ಎವರ್ಟ್ ನನ್ನ ಕಡೆ ಒಮ್ಮೆ ದೀನನಾಗಿ ನೋಡಿ ಟ್ರಾಕ್ಟರ್ ಹತ್ತಿದ. ನಾನು ಸೈಕಲ್ ಹತ್ತಿ ಹಿಂದೆಯೇ ಹೊರಟೆ, ಆತನನ್ನು ಯಾವುದಾದರೂ ಕಾಲುವೆಗೆ ಎಸೆದರೆ ಒಬ್ಬ ಸಾಕ್ಷಿ ಇರಲಿ ಅಂತ.

ಅವರು ಮಾತಾಡಿದ ಹಾಗೆ ಕಾಣಲಿಲ್ಲ. ಸೇತುವೆ ದಾಟಿದರು, ಬ್ರೆಡ್ಡಿನ ಅಂಗಡಿ ದಾಟಿದರು. ಆಮೇಲೆ ಎವರ್ಟನ ತಲೆ ಭಾವನ ಕಡೆ ವಾಲಿತು, ತುಟಿ ಅಲುಗಿತು. ಏನೋ ಹೇಳಿಬಿಟ್ಟ. ಟ್ರಾಕ್ಟರ್ ರಸ್ತೆ ಪಕ್ಕಕ್ಕೆ ಸರಿದು ನಿಂತಿತು. ರೂಲಫ್ ಕೆಳಗಿಳಿದ. ನಾನು ಜೋರಾಗಿ ತುಳಿದು ಹತ್ತಿರ ಹೋದೆ.

"ಏನಾಯ್ತು?" ಅಂದೆ ಎವರ್ಟನಿಗೆ.

"ಟೈರಿನ ಗಾಳಿಯಲ್ಲೂ ಮುಕ್ಕಾಲಿಗಿಂತ ಜಾಸ್ತಿ ಅದೇ ಇರೋದು ಅಂದೆ ಅಷ್ಟೆ," ಅಂದ.

ರೂಲಫ್ ಟ್ರಾಕ್ಟರಿನ ಸುತ್ತ ನಡೆದ. ತನ್ನ ಎದೆಯೆತ್ತರದ ಹಿಂದಿನ ಟೈರನ್ನು ಅಂಗೈಯಿಂದ ಬಡಿದು ನೋಡಿದ. ಇನ್ನೊಂದನ್ನು ಬೂಟಿನಿಂದ ತಟ್ಟಿದ. ಮುಂದಿನದರ ಹತ್ತಿರ ಬಗ್ಗಿದ.

"ಎಲ್ಲದರಲ್ಲೂ?" ಅಂದ.

"ಎಲ್ಲದರಲ್ಲೂ, ಭಾವ."

ರೂಲಫ್ ಬಯಲಿನ ಕಡೆ ಒಮ್ಮೆ ನೋಡಿದ. ಸ್ಕೂಲಿನ ಕಡೆಯ ರಸ್ತೆಯಲ್ಲಿ ಯಾರಾದರೂ ಬರುತ್ತಿದ್ದಾರಾ ಅಂತ ನೋಡಿದ. ಆಮೇಲೆ ಮೇಲೆ ಹತ್ತಿ, ಸೀಟಿನಲ್ಲಿ ಕೂತು, ಗೇರು ಹಾಕಿದ.

"ಕೂಸ್ಲಾಖ್‌ಗೆ ಹೇಳಬೇಡ," ಅಂದ.